ಸಸಿ ಸೊರಗುವ ಮೊದಲೇ ಮಣ್ಣಿಗೆ ಟ್ರೈಕೋಡರ್ಮಾ

ಮಳೆಗಾಲ ಹಿಡಿದ ಮೇಲೆ ಬೆಂಗಳೂರಿನ ತಾರಸಿ ತೋಟಗಳಲ್ಲಿ ಈ ದೃಶ್ಯ ಸಾಮಾನ್ಯ: ನಿನ್ನೆ ಸಂಜೆ ನೆಟ್ಟಗೆ ನಿಂತಿದ್ದ ಟೊಮೆಟೊ ಸಸಿಯ ಬುಡ ಮಣ್ಣಿಗೆ ತಾಗುವಲ್ಲಿ ಮೆತ್ತಗಾಗಿ, ದಾರದಷ್ಟು ತೆಳುವಾಗಿ, ಬೆಳಗಾಗುವಷ್ಟರಲ್ಲಿ ಸಸಿ ಮಗುಚಿ ಬಿದ್ದಿರುತ್ತದೆ. ಪಿಥಿಯಂ, ರೈಜೋಕ್ಟೋನಿಯಾ ಮುಂತಾದ ಮಣ್ಣಿನ ರೋಗಾಣುಗಳಿಂದ ಬರುವ ಈ ಸಸಿ ಕೊಳೆ ರೋಗ ಕಣ್ಣಿಗೆ ಬಿದ್ದ ಮೇಲೆ ಆ ಸಸಿಯನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ಆಗದ ಮಾತು. ಆದ್ದರಿಂದ ರೋಗ ತಡೆಯುವ ಶಿಲೀಂಧ್ರಗಳನ್ನು ಬೀಜ ಬಿತ್ತುವ ಮೊದಲೇ ಮಣ್ಣಿನಲ್ಲಿ ನೆಲೆಗೊಳಿಸಬೇಕು.

ಇವುಗಳಲ್ಲಿ ಮುಖ್ಯವಾದದ್ದು ಟ್ರೈಕೋಡರ್ಮಾ. ಇದರ ಎಳೆಗಳು ರೈಜೋಕ್ಟೋನಿಯಾದ ಎಳೆಗಳಿಗೆ ಬಳ್ಳಿಯಂತೆ ಸುತ್ತಿಕೊಂಡು, ಕಿಣ್ವಗಳಿಂದ ಅವುಗಳ ಗೋಡೆಯನ್ನು ಕರಗಿಸಿ, ಒಳಗಿನ ಸತ್ವವನ್ನು ಹೀರುತ್ತವೆ. ಬೇರಿನ ಮೇಲ್ಮೈಯಲ್ಲಿ ಮೊದಲೇ ಜಾಗ ಹಿಡಿದು ರೋಗಾಣುವಿಗೆ ನೆಲೆ ಸಿಗದಂತೆ ಮಾಡುತ್ತವೆ. ನನಗೆ ಅತ್ಯಂತ ಬೆರಗಿನ ಸಂಗತಿಯೆಂದರೆ, ಬೇರಿನ ಹೊರಪದರದಲ್ಲಿ ಇವು ನೆಲೆಸಿದಾಗ ಗಿಡವು ಅದನ್ನು ಗುರುತಿಸಿ, ಜಾಸ್ಮೋನಿಕ್ ಆಮ್ಲದಂತಹ ಸಂಕೇತಗಳ ಮೂಲಕ ಎಲೆಗಳವರೆಗೂ ಎಚ್ಚರಿಕೆ ಮುಟ್ಟಿಸುತ್ತದೆ. ಮುಂದೆ ರೋಗ ತಗುಲಿದಾಗ ಅಂತಹ ಗಿಡ ಬೇಗನೆ ಪ್ರತಿರೋಧ ತೋರುತ್ತದೆ.

ಇನ್ನೊಂದು ಮೈಕೋರೈಜಾ. 1885ರಲ್ಲಿ ಜರ್ಮನಿಯ ವಿಜ್ಞಾನಿ ಫ್ರಾಂಕ್ ಈ ಹೆಸರಿಟ್ಟರು. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಪ್ರೊ. ಡಿ. ಜೆ. ಭಾಗ್ಯರಾಜ್ ದಶಕಗಳ ಕಾಲ ಇದನ್ನು ಅಧ್ಯಯನ ಮಾಡಿದರು. ಇದು ಬೇರಿನೊಳಗೆ ಸೇರಿ, ಗಿಡದಿಂದ ಸಕ್ಕರೆ ಪಡೆದು, ಪ್ರತಿಯಾಗಿ ರಂಜಕವನ್ನು (ಫಾಸ್ಫರಸ್) ಒದಗಿಸುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶವು ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಈ ನೆರವು ದೊಡ್ಡದು. ಆದರೆ ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆಗಳೊಡನೆ ಇದು ಕೂಡಿಕೊಳ್ಳುವುದಿಲ್ಲ. ಪಾಲಕ್, ದಂಟಿನ ಸೊಪ್ಪಿನೊಡನೆಯೂ ಸಾಮಾನ್ಯವಾಗಿ ಹಾಗೆಯೇ. ಆ ಕುಂಡಗಳಿಗೆ ಹಾಕಿ ಹಣ ಕಳೆದುಕೊಳ್ಳಬೇಡಿ.

ಟ್ರೈಕೋಡರ್ಮಾ ಪೊಟ್ಟಣ ಕೊಳ್ಳುವಾಗ ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕಗಳನ್ನು ತಪ್ಪದೆ ನೋಡಿ. ಇದು ಜೀವವಿರುವ ಪುಡಿ, ಅಂಗಡಿಯ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಕಾದದ್ದು ಕೆಲಸ ಮಾಡುವುದಿಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 10 ಕೆ.ಜಿ., ಬೇವಿನ ಹಿಂಡಿ 1 ಕೆ.ಜಿ., ಟ್ರೈಕೋಡರ್ಮಾ 100 ಗ್ರಾಂ ತೆಗೆದುಕೊಂಡು ನೆರಳಿನಲ್ಲಿ ಬೆರೆಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಮಾತ್ರ ಇಳಿಯಬಾರದು. ಅಷ್ಟು ತೇವ ಸಾಕು. ಒದ್ದೆ ಗೋಣಿಚೀಲ ಹೊದಿಸಿ, ಮೂರು ನಾಲ್ಕು ದಿನಗಳಿಗೊಮ್ಮೆ ಮಗುಚಿ, ಸುಮಾರು 15 ದಿನ ಬಿಡಿ. ಗೋಣಿ ಎತ್ತಿ ನೋಡಿದಾಗ ಮೊದಲು ಬಿಳಿ ಎಳೆಗಳೂ, ನಂತರ ಅವುಗಳ ಮೇಲೆ ಹಸಿರು ಪುಡಿಯೂ ಕಾಣಿಸಿದರೆ ಶಿಲೀಂಧ್ರ ಹಿಡಿದಿದೆ ಎಂದರ್ಥ. ಗಿಡದ ಬುಡದಲ್ಲಿ ಬಿಳಿ ಎಳೆಗಳ ನಡುವೆ ಸಾಸಿವೆ ಕಾಳಿನಂತಹ ಕಂದು ಗುಂಡುಗಳು ಕಂಡರೆ ಮಾತ್ರ ಅದು ಸ್ಕ್ಲೆರೋಶಿಯಂ ಎಂಬ ರೋಗಾಣು. ಆ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಹಾಕಿ.

ಸಿದ್ಧವಾದ ಗೊಬ್ಬರವನ್ನು ಹನ್ನೆರಡು ಇಂಚಿನ ಕುಂಡಕ್ಕೆ ಎರಡು ಹಿಡಿಯಂತೆ ಮಣ್ಣಿನಲ್ಲಿ ಬೆರೆಸಿ. ಸಸಿಗಳನ್ನು ನೆಡುವ ಮೊದಲು ಲೀಟರ್ ನೀರಿಗೆ 10 ಗ್ರಾಂ ಟ್ರೈಕೋಡರ್ಮಾ ಪುಡಿ ಕದಡಿ, ಬೇರುಗಳನ್ನು ಅದರಲ್ಲಿ 15–20 ನಿಮಿಷ ಅದ್ದಿಡಿ. ಮೈಕೋರೈಜಾವನ್ನು ಮೇಲೆ ಚೆಲ್ಲಬೇಡಿ; ಜೀವಂತ ಬೇರಿಲ್ಲದೆ ಅದು ಬೆಳೆಯದಾದ್ದರಿಂದ, ನೆಡುವ ಗುಂಡಿಯಲ್ಲಿ ಬೇರಿಗೆ ತಾಗುವಂತೆ ಒಂದು ಚಮಚ ಹಾಕಿ. ಕಾರ್ಬೆಂಡಜಿಮ್‌ನಂತಹ ಶಿಲೀಂಧ್ರನಾಶಕವನ್ನು ಅದೇ ಕುಂಡಕ್ಕೆ ಸುರಿದರೆ ಟ್ರೈಕೋಡರ್ಮಾವೂ ಸಾಯುತ್ತದೆ; ರಂಜಕದ ರಾಸಾಯನಿಕ ಗೊಬ್ಬರ ಹೆಚ್ಚಾದರೆ ಮೈಕೋರೈಜಾ ಬೇರಿಗೆ ಹಿಡಿಯುವುದು ಕಡಿಮೆಯಾಗುತ್ತದೆ.

ಎಲ್ಲ ರೋಗವನ್ನೂ ಇವು ತಡೆಯುವುದಿಲ್ಲ. ಬಿಳಿನೊಣ ಹರಡುವ ಎಲೆ ಮುದುಡು ರೋಗವು ವೈರಸ್ಸಿನದು. ಅದಕ್ಕೆ ಇವುಗಳನ್ನು ನಂಬಿ ಕೂರಬಾರದು. ಹಸಿರಾಗಿದ್ದ ಟೊಮೆಟೊ ಒಮ್ಮೆಲೇ ಬಾಡಿದರೆ ಬುಡದ ಕಾಂಡವನ್ನು ಕತ್ತರಿಸಿ, ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡದಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಹಾಲು ಇಳಿಯದೆ ಕಾಂಡದ ಒಳಗೆ ಕಂದು ಗೆರೆಗಳಿದ್ದರೆ ಫ್ಯುಸೇರಿಯಂ ಎಂಬ ರೋಗಕಾರಕ ಶಿಲೀಂಧ್ರ ಇರುವ ಸಂಭವ ಹೆಚ್ಚು, ಮುಂದಿನ ಬೆಳೆಗೆ ಟ್ರೈಕೋಡರ್ಮಾ ನೆರವಾಗುವುದು ಇಲ್ಲಿಯೇ.

ಹಾಗೆ ಸೊರಗಿದ ಗಿಡದ ಮಣ್ಣನ್ನು ಮಾರ್ಚ್–ಏಪ್ರಿಲ್ ಬಿಸಿಲಿನವರೆಗೆ ಬೇರೆಯಾಗಿಟ್ಟು, ನೀರುಣಿಸಿ, ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ ನಾಲ್ಕರಿಂದ ಆರು ವಾರ ಬಿಡಿ. ಆ ಕಾವಿಗೆ ಒಳ್ಳೆಯ ಜೀವಿಗಳೂ ಕುಗ್ಗುವುದರಿಂದ, ಹಾಳೆ ತೆಗೆದು ಮಣ್ಣು ತಣಿದ ಮೇಲೆ ಟ್ರೈಕೋಡರ್ಮಾ ಗೊಬ್ಬರವನ್ನು ಮತ್ತೆ ಬೆರೆಸಿ, ಒಂದು ವಾರ ತೇವವಾಗಿಟ್ಟು, ಆಮೇಲೆ ಸಸಿ ನೆಡಿ.