ಪ್ಲಾಟಿಗಿಂತ ಮೊದಲು ಒಲೆ

ಜಾಗ ನೋಡುವ ಮೊದಲೇ ಒಲೆಯ ಜಗಳ ಮುಗಿಸಿಕೊಳ್ಳಿ. ಕಲಬುರಗಿಯಲ್ಲಿ ಹನ್ನೆರಡು ಕುಟುಂಬಗಳು ಸೇರಿ ಮನೆ ಕಟ್ಟಿಕೊಂಡದ್ದು ಹೇಗೆ ಎಂದು ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಅವರು ಎಕರೆಯ ದರ ಕೇಳಲು ಬಂದಿರುತ್ತಾರೆ. ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ಪ್ರತಿ ಕುಟುಂಬಕ್ಕೂ ಅದರದೇ ಅಡುಗೆಮನೆಯಿರುವ ಪೂರ್ತಿ ಮನೆ, ಅದರದೇ ಬೀಗ. ಜೊತೆಗೆ ಎಲ್ಲರಿಗೂ ಸೇರಿದ ದೊಡ್ಡ ಅಡುಗೆಮನೆ, ಊಟದ ಪಡಸಾಲೆ, ಬಟ್ಟೆ ಒಗೆಯುವ ಜಾಗ, ಅತಿಥಿ ಕೋಣೆ. ಕೋ-ಹೌಸಿಂಗ್ ಎಂದರೆ ಇಷ್ಟೇ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗುಡ್ಮಂಡ್-ಹೋಯರ್ 1964ರಲ್ಲೇ ಗೆಳೆಯರೊಡನೆ ಇಂಥ ಯೋಜನೆ ಹಾಕಿದ್ದರು. ಅಕ್ಕಪಕ್ಕದವರ ವಿರೋಧದಿಂದ ಅದು ಬಿದ್ದುಹೋಯಿತು. ಅಲ್ಲಿನ ಮೊದಲ ಕೋ-ಹೌಸಿಂಗ್ ಎನ್ನುವ ಸೆಟ್ಟೆಡಾಮ್ಮೆನ್‌ನಲ್ಲಿ ಮೊದಲ ಕುಟುಂಬಗಳು ವಾಸಕ್ಕೆ ಬಂದದ್ದು 1972ರಲ್ಲಿ. ಡೆನ್ಮಾರ್ಕಿನವರಿಗೇ ಎಂಟು ವರ್ಷ ಹಿಡಿದಿದ್ದರೆ ನಾವು ಅವಸರ ಪಡಬೇಕಾಗಿಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಶರಣಬಸವೇಶ್ವರರ ದಾಸೋಹದ ಊರಿನಲ್ಲಿ ಸಾಲಾಗಿ ಕೂತು ಉಣ್ಣುವುದು ಯಾರಿಗೂ ಹೊಸದಲ್ಲ. ಒಂದೇ ಪಾತ್ರೆಯನ್ನು ಸರದಿಯ ಮೇಲೆ ತೊಳೆಯುವುದು ಹೊಸದು. ನಮ್ಮ ಗುಂಪಿನಲ್ಲಿ ಲಿಂಗಾಯತರು, ಮುಸ್ಲಿಮರು, ದಲಿತರು, ಬ್ರಾಹ್ಮಣರು ಎಲ್ಲರೂ ಇದ್ದರು. ಮೊದಲ ಸಭೆಗಳಲ್ಲಿ ಎಲ್ಲರೂ ವಚನ ಹೇಳಿದರು. ಚೊಂಬು, ತಾಟುಗಳ ಮಾತು ಬಂದಾಗ ಎರಡು ಕುಟುಂಬಗಳಿಗೆ ಇದ್ದಕ್ಕಿದ್ದಂತೆ ವಾಸ್ತು ಸರಿಹೋಗಲಿಲ್ಲ. ಆಗಿನ್ನೂ ಜಾಗವನ್ನೇ ಕೊಂಡಿರಲಿಲ್ಲ. ಅವರು ಹೋದದ್ದು ಒಳ್ಳೆಯದೇ ಆಯಿತು. ಹಣ ಕಟ್ಟಿದ ಮೇಲೆ ಹೋಗಿದ್ದರೆ ಮನಸ್ತಾಪ ಕೋರ್ಟಿಗೆ ಹೋಗುತ್ತಿತ್ತು.

ಮಾಂಸದ ಅಡುಗೆಯ ವಿಷಯ ನಾವು ಹೆದರಿದ್ದಕ್ಕಿಂತ ಬೇಗ ಬಗೆಹರಿಯಿತು. ಪಡಸಾಲೆಯ ಒಳಗೆ ಸಸ್ಯಾಹಾರ ಮಾತ್ರ. ಹಿಂದಿನ ಅಂಗಳದಲ್ಲಿ ಮಾಡು ಹಾಕಿದ ಬೇರೆ ಒಲೆ, ಅದಕ್ಕೆ ಬೇರೆ ಪಾತ್ರೆ, ಬೇರೆ ನಲ್ಲಿ. ನಿಜವಾದ ಜಗಳ ಎದ್ದದ್ದು ರೊಟ್ಟಿಯ ಮೇಲೆ. ಗಂಡಸರೆಲ್ಲ ದಿನವೂ ಒಟ್ಟಿಗೆ ಊಟ ಎಂದು ಉತ್ಸಾಹದಿಂದ ತೀರ್ಮಾನಿಸುತ್ತಿದ್ದಾಗ ನಮ್ಮ ವೈನಿಯೊಬ್ಬರು ಎದ್ದು ನಿಂತರು. “ಹನ್ನೆರಡು ಮನೆಯ ರೊಟ್ಟಿ ಬಡಿಯುವವರು ಯಾರು? ಇದು ಹಳೆಯ ಕೂಡು ಕುಟುಂಬವೇ ಅಲ್ಲವೇನು ಕಾಕಾ, ಅತ್ತೆಯಂದಿರು ಮಾತ್ರ ಹನ್ನೊಂದು!” ಎಂದರು. ಕಾಕಾ ಸುಮ್ಮನಾದರು. ಕೊನೆಗೆ ನಿಂತ ನಿಯಮ: ವಾರಕ್ಕೆ ಮೂರು ರಾತ್ರಿ ಒಟ್ಟಿಗೆ ಊಟ, ಜೋಳದ ರೊಟ್ಟಿ ಹೊರಗಿನ ರೊಟ್ಟಿ ಕೇಂದ್ರದಿಂದ, ಪಲ್ಯ, ಬೇಳೆ, ಅನ್ನ ನಮ್ಮದು, ಸರದಿಯಲ್ಲಿ ಒಬ್ಬ ಹೆಂಗಸು, ಒಬ್ಬ ಗಂಡಸು ಕಡ್ಡಾಯ. ಗಂಡಸಿನ ಬದಲು ಅವನ ಹೆಂಡತಿ ಬರುವಂತಿಲ್ಲ. ಈ ಕೊನೆಯ ವಾಕ್ಯವನ್ನು ಬರಹದಲ್ಲಿ ಇಟ್ಟಿದ್ದೇವೆ.

ನಕ್ಷೆ ಹುಟ್ಟಿದ್ದು ಇದರಿಂದ. ಸರದಿಗೆ ಇಬ್ಬರು ಎಂದಾದ ಮೇಲೆ ಕಟ್ಟೆ ಎಷ್ಟು ಉದ್ದ, ತೊಳೆಯುವ ಜಾಗ ಎಲ್ಲಿ ಎಂದು ವಾಸ್ತುಶಿಲ್ಪಿಗೆ ನಾವೇ ಹೇಳಿದೆವು.

ಸೇಡಂ ರಸ್ತೆಯ ಕಡೆ ಹೊಲ ಸಿಕ್ಕಿತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ಹೋದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಆದರೆ ಮನೆ ಕಟ್ಟಲು ಎನ್.ಎ., ಅಂದರೆ ಹೊಲವನ್ನು ಕೃಷಿಯೇತರ ಜಮೀನಾಗಿ ಬದಲಿಸಿದ ಆದೇಶ, ಬೇಕೇ ಬೇಕಿತ್ತು, ಪಹಣಿ ಹಿಡಿದು ಅಲೆದ ಕಥೆ ಎಲ್ಲರದೂ ಒಂದೇ, ಬಿಡಿ. ಪ್ಲಾಟುಗಳಾಗಿ ಒಡೆದು ಲೇಔಟ್ ಮಾಡಿದರೆ ಒಳರಸ್ತೆ, ಉದ್ಯಾನವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕಾಗುತ್ತದೆ. ನಮಗೆ ಬೇಕಾದದ್ದೇ ಮನೆಗಳ ನಡುವಿನ ಆ ಓಣಿ. ಹಾಗಾಗಿ ಇಡೀ ಜಾಗಕ್ಕೆ ಒಂದೇ ನಕ್ಷೆ ಮಾಡಿಸಿ, 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಕೆಳಗೆ ಘೋಷಣಾಪತ್ರ ಬರೆಸಿದೆವು. ಮನೆ ಅವರವರ ಹೆಸರಿಗೆ, ಪಡಸಾಲೆ ಮತ್ತು ಓಣಿಯಲ್ಲಿ ಪ್ರತಿಯೊಬ್ಬರಿಗೂ ಅವಿಭಜಿತ ಪಾಲು. ಮನೆವಾರು ಕಾಗದ ಇಲ್ಲದೆ ಸಾಲ ಕೊಡುವುದಿಲ್ಲ ಎಂದಿದ್ದ ಬ್ಯಾಂಕಿನ ಬಾಯಿಯೂ ಮುಚ್ಚಿತು.

ಮಣ್ಣು ಮಾತ್ರ ಕಾಗದಕ್ಕೆ ಬಗ್ಗುವುದಿಲ್ಲ. ನಮ್ಮದು ಎರೆ ಭೂಮಿ. ಏಪ್ರಿಲ್‌ನಲ್ಲಿ ಹೊಲ ನೋಡಲು ಹೋದಾಗ ಒಂದು ಬಿರುಕಿನೊಳಗೆ ನನ್ನ ಕೊಡೆ ಹಿಡಿಯವರೆಗೂ ಇಳಿಯಿತು. ಮಳೆಗೆ ಇದೇ ಮಣ್ಣು ಉಬ್ಬಿ ಗೋಡೆ ಸೀಳುತ್ತದೆ. ಇದಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್-ರೀಮ್ಡ್ ಪೈಲ್ ಎಂಬ ಅಡಿಪಾಯದ ಕಂಬ ಇದೆ: ಮೂರೂವರೆ ಮೀಟರಿನಷ್ಟು ಆಳ ಕೊರೆದು, ತಳವನ್ನು ಕಂಬದ ಎರಡೂವರೆ ಪಟ್ಟು ಅಗಲಿಸಿ ಕಾಂಕ್ರೀಟ್ ತುಂಬುವುದು, ಮೇಲಿನ ತೊಲೆಯ ಕೆಳಗೆ ಮಣ್ಣು ಉಬ್ಬಲು ಸಂದು ಬಿಡುವುದು. ಕೆಲಸ ದುಬಾರಿ. ಮನೆಗಳನ್ನು ಬಿಡಿಬಿಡಿಯಾಗಿ ಕಟ್ಟುವ ಆಸೆ ಇಲ್ಲಿಗೆ ಮುಗಿಯಿತು. ಗೋಡೆಗೆ ಗೋಡೆ ಹಂಚಿಕೊಂಡು ಎರಡು ಸಾಲು ಕಟ್ಟಿದೆವು. ಪೈಲ್ ಕಡಿಮೆಯಾಗಿ ಉಳಿದ ಹಣ ಪಡಸಾಲೆಗೆ ಹೋಯಿತು. ಉದ್ದ ಗೋಡೆಗಳು ಉತ್ತರ-ದಕ್ಷಿಣಕ್ಕೆ ಮುಖ ಮಾಡಿವೆ, ನೆಲಕ್ಕೆ ಶಹಾಬಾದ್ ಕಲ್ಲು, ಮಾಳಿಗೆಗೆ ಸುಣ್ಣ. ನಲವತ್ತು ಡಿಗ್ರಿ ದಾಟುವ ಮೇ ತಿಂಗಳಲ್ಲಿ ಇವು ಅಲಂಕಾರವಲ್ಲ.

ಅಡುಗೆಮನೆಯ ಕಿಟಕಿಗಳೆಲ್ಲ ಓಣಿಗೆ ತೆರೆಯುತ್ತವೆ, ಮಲಗುವ ಕೋಣೆಗಳು ಹಿಂದಕ್ಕೆ. ವಾಹನ ಗೇಟಿನ ಬಳಿಯೇ ನಿಲ್ಲಬೇಕು. “ಸಿಲಿಂಡರ್ ಯಾರು ಹೊರಬೇಕು?” ಎಂದು ತಿಂಗಳುಗಟ್ಟಲೆ ವಾದ ನಡೆಯಿತು. ಒಂದು ಕೈಗಾಡಿ ತಂದಿಟ್ಟೆವು, ವಾದ ನಿಂತಿತು. ಈಗ ಅದರಲ್ಲಿ ಹೆಚ್ಚಾಗಿ ಓಡಾಡುವುದು ಮಕ್ಕಳು.

ಬಿಟ್ಟುಹೋಗುವವರ ನಿಯಮವನ್ನೂ ಪಾಯ ತೋಡುವ ಮೊದಲೇ ಬರೆದುಕೊಂಡಿದ್ದೆವು. ಮಗ ಪುಣೆಗೋ ಬೆಂಗಳೂರಿಗೋ ಕರೆಸಿಕೊಂಡರೆ ಮನೆ ಬೇಕೇ ಎಂದು ಮೊದಲು ಗುಂಪನ್ನು ಕೇಳಬೇಕು. ಗುಂಪು ಆರು ತಿಂಗಳೊಳಗೆ ಯಾರನ್ನೂ ಹುಡುಕದಿದ್ದರೆ ಹೊರಗಿನವರಿಗೆ ಮಾರಬಹುದು, ಆದರೆ ಕೊಳ್ಳುವವರು ಮಾರಾಟಕ್ಕೆ ಮೊದಲು ನಮ್ಮೊಡನೆ ಕೆಲವು ಊಟ ಮಾಡಿರಬೇಕು. ಒಂದು ಮನೆ ಹೀಗೆ ಕೈ ಬದಲಾಗಿದೆ. ಹೊಸದಾಗಿ ಬಂದ ಮಾಸ್ತರರು ಬದನೆಕಾಯಿ ಎಣ್ಣೆಗಾಯಿ ಮಾಡುವುದರಲ್ಲಿ ಎಲ್ಲರನ್ನೂ ಮೀರಿಸಿದ್ದಾರೆ.

ಇನ್ನೂ ಬಗೆಹರಿಯದೆ ಉಳಿದಿರುವುದು ಅತಿಥಿ ಕೋಣೆ. ಮದುವೆಯ ಹಂಗಾಮಿನಲ್ಲಿ ಎಲ್ಲರ ಬೀಗರೂ ಒಂದೇ ವಾರ ಬರುತ್ತಾರೆ. ಸದ್ಯಕ್ಕೆ ಚೀಟಿ ಎತ್ತುತ್ತಿದ್ದೇವೆ. ಮಾಳಿಗೆಯ ಮೇಲೆ ಇನ್ನೊಂದು ಕೋಣೆ ಹಾಕಬೇಕೆಂಬ ಪ್ರಸ್ತಾಪ ಮುಂದಿನ ಸಭೆಗಿದೆ, ನಾನು ಅದಕ್ಕೆ ವಿರೋಧವಾಗಿದ್ದೇನೆ.