ಪೈನ್ ಪಕಾಸಿ ಲಡ್ಡಾಗಿದೆಯೇ? ಮಳೆಗಾಲ ಮುಗಿದ ಕೂಡಲೇ ನೋಡುವ ಕ್ರಮ

ಕೊಡಗಿನ ಮಳೆಗೆ ಪೈನ್ ಮರದ ಮಾಡು ಹಾಕಿದವರು ವರ್ಷಕ್ಕೊಮ್ಮೆ ಏಣಿ ಹತ್ತಿ, ಪಕಾಸಿ (ಹೆಂಚು ಹೊರುವ ಇಳಿಜಾರು ಮರ) ಲಡ್ಡಾಗಿದೆಯೇ, ಅಂದರೆ ಕೊಳೆತಿದೆಯೇ ಎಂದು ನೋಡಲೇಬೇಕು. ಬೀಟೆ, ತೇಗದ ಚೇಗಿಗೆ (ಒಳಗಿನ ಗಟ್ಟಿ ಭಾಗಕ್ಕೆ) ಇರುವ ತಾಳಿಕೆ ಪೈನಿನ ಬಿಳಿ ಭಾಗಕ್ಕೆ ಇಲ್ಲ.

ಪೈನಿಗೆ ಹೆಚ್ಚಾಗಿ ತಗಲುವುದು ಕಂದು ಕೊಳೆತ. ಈ ಶಿಲೀಂಧ್ರ ಮರಕ್ಕೆ ಬಿಗಿ ಕೊಡುವ ಸೆಲ್ಯುಲೋಸ್ ಎಳೆಗಳನ್ನು ಮೊದಲು ತುಂಡರಿಸುತ್ತದೆ, ಎಳೆಗಳನ್ನು ಬೆಸೆಯುವ ಲಿಗ್ನಿನ್ ಬಹುಪಾಲು ಉಳಿಯುತ್ತದೆ. ಹಾಗಾಗಿ ಆಕಾರ ಇದ್ದಂತೆಯೇ ಇದ್ದು ಬಲ ಹೋಗುತ್ತದೆ. ಮರದ ತೂಕ ನೂರಕ್ಕೆ 10ರಷ್ಟು ಇಳಿಯುವಾಗ ಬಾಗು ತಡೆಯುವ ಬಲ ಅರ್ಧಕ್ಕೂ ಕೆಳಗೆ ಬಿದ್ದಿರಬಹುದು. ಪೆಟ್ಟು ತಡೆಯುವ ಗುಣವಂತೂ ಅದಕ್ಕೂ ಮುಂಚೆಯೇ ಹೋಗಿರುತ್ತದೆ. ಹೆಂಚು ಬದಲಿಸಲು ಹತ್ತಿದವರ ಕಾಲ ಕೆಳಗೆ ಪಕಾಸಿ ಮುರಿಯುವುದು ಇದರಿಂದಲೇ.

ಸೆಪ್ಟೆಂಬರ್ ಕೊನೆಗೆ, ಮರ ಇನ್ನೂ ಒದ್ದೆ ಇರುವಾಗಲೇ ನೋಡಿ. ಪಕಾಸಿಯ ತುದಿ, ಗೋಡೆಯೊಳಗೆ ಕೂತ ಭಾಗ, ಒಡೆದ ಹೆಂಚಿನ ಅಡಿ, ಮೊಳೆಯ ಸುತ್ತ: ಶುರುವಾಗುವುದು ಇಲ್ಲೇ. ದಬ್ಬಣವನ್ನು ಎಳೆಗೆ ಅಡ್ಡವಾಗಿ ಅರ್ಧ ಇಂಚು ಚುಚ್ಚಿ ಮೇಲಕ್ಕೆ ಮೀಟಿ. ಗಟ್ಟಿ ಮರವಾದರೆ ಚರ್ರೆಂದು ಉದ್ದನೆಯ ಸೀಳು ಏಳುತ್ತದೆ, ಒಂದು ತುದಿ ಮರಕ್ಕೇ ಅಂಟಿರುತ್ತದೆ. ಕೊಳೆತ ಹಿಡಿದಿದ್ದರೆ ಸದ್ದೇ ಇಲ್ಲದೆ, ದಬ್ಬಣದ ನೇರಕ್ಕೆ ಗಿಡ್ಡ ಚೂರಾಗಿ ಕಿತ್ತು ಬರುತ್ತದೆ. ಮೇಲ್ಮೈ ನುಣ್ಣಗಿದ್ದರೂ ಈ ಗಿಡ್ಡ ಚೂರನ್ನು ನಂಬಿ. ಚೌಕ ಚೌಕವಾಗಿ ಬಿರಿದು, ಬೆರಳಲ್ಲಿ ಉಜ್ಜಿದರೆ ಕಂದು ಪುಡಿಯಾಗುವುದು ತೀರಾ ಕೊನೆಯ ಹಂತ. ನೀಲಿ ಕಲೆ ಮಾತ್ರ ಇದ್ದರೆ ಬಲಕ್ಕೆ ದೊಡ್ಡ ಹಾನಿಯಿಲ್ಲ, ಆದರೆ ಮರ ಬಹಳ ದಿನ ಒದ್ದೆಯಿತ್ತು ಎಂದು ತಿಳಿಯಿರಿ.

ತೇವ ಅಳೆಯಲು ಮೀಟರ್ ಇಲ್ಲದಿದ್ದರೆ ಸಣ್ಣ ತುಂಡು ಕತ್ತರಿಸಿ ಕೂಡಲೇ ತೂಗಿ. ಓವನ್ನಿನಲ್ಲಿ 103 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಿ. ಒದ್ದೆಯಲ್ಲಿ 130 ಗ್ರಾಂ, ಒಣಗಿ 100 ಗ್ರಾಂ ಬಂದರೆ ತೇವ ಶೇ 30. ಇದು ಕೊಳೆಯಲು ಸಾಕು. ಶೇ 20ಕ್ಕಿಂತ ಕೆಳಗಿದ್ದರೆ ಕೊಳೆತ ಬೆಳೆಯುವುದಿಲ್ಲ. ಒಣಗಿತೆಂದು ಶಿಲೀಂಧ್ರ ಸತ್ತಿತು ಎನ್ನುವಂತಿಲ್ಲ, ಮತ್ತೆ ನೀರು ಬಿದ್ದರೆ ಎದ್ದು ಕೂರುತ್ತದೆ. ಹೋದ ಬಲವಂತೂ ಮರಳುವುದಿಲ್ಲ.

ಮೊದಲು ಸೋರುವುದನ್ನು ನಿಲ್ಲಿಸಿ. ಆಮೇಲೆ ಕೊಳೆತ ಕಂಡ ಜಾಗದಿಂದ ಎರಡು ಅಡಿ ಆಚೆಯವರೆಗೆ ಕತ್ತರಿಸಿ ತೆಗೆಯಿರಿ, ಶಿಲೀಂಧ್ರದ ಕಣ್ಣಿಗೆ ಕಾಣದ ಎಳೆಗಳು ಅಷ್ಟು ದೂರ ಹೋಗಿರಬಹುದು. ಭಾರ ಹೊರುವ ಪಕಾಸಿಯಾದರೆ ಕತ್ತರಿಸುವ ಮುನ್ನ ಕೆಳಗಿಂದ ಊರೆ ಕೊಡಿ.

ಉಳಿದ ಮರಕ್ಕೆ, ಹೊಸ ತುಂಡಿಗೆ ಬೋರಾನ್ ದ್ರಾವಣ: 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬೊರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್. ಕೈಗವಸು ಹಾಕಿ ಎರಡು ಮೂರು ಸಲ ಬಳಿಯಿರಿ, ಕತ್ತರಿಸಿದ ತುದಿಗಳಿಗೆ ಹೆಚ್ಚು. ಬೋರಾನ್ ಮಳೆಗೆ ತೊಳೆದು ಹೋಗುತ್ತದೆ, ಆದ್ದರಿಂದ ಇದು ಮಾಡಿನೊಳಗಿನ ಮರಕ್ಕೆ ಮಾತ್ರ. ಉಳಿದ ದ್ರಾವಣವನ್ನು ಕಾಫಿ, ಮೆಣಸಿನ ಬುಡಕ್ಕೆ ಸುರಿಯಬೇಡಿ, ಬೋರಾನ್ ಹೆಚ್ಚಾದರೆ ಗಿಡ ಸುಡುತ್ತದೆ. ಬಣ್ಣ ಹಚ್ಚುವುದು ಜನವರಿಯ ಬಿಸಿಲಿಗೆ ಮರ ಚೆನ್ನಾಗಿ ಒಣಗಿದ ಮೇಲೆ. ಒದ್ದೆ ಮರಕ್ಕೆ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ.