ಮಗುವಿಗೆ ವಾಂತಿ-ಭೇದಿ: ನಾನು ಓಆರ್‌ಎಸ್ ಕುಡಿಸುವ ರೀತಿ

ಸಕಲೇಶಪುರದ ಕಡೆ ಮಳೆ ಹಿಡಿಯಿತೆಂದರೆ ಅಬ್ಬಿ ನೀರು, ಬಾವಿ ನೀರು ಎರಡೂ ಕದಡುತ್ತವೆ. ಪುಟ್ಟ ಮಕ್ಕಳಿಗೆ ಭೇದಿ ಹತ್ತುವುದೂ ಆಗಲೇ. ಅದಕ್ಕೇ ಮೇ ಮುಗಿಯುವುದರೊಳಗೆ ನಾಲ್ಕು ಓಆರ್‌ಎಸ್ (ನೀರಿಗೆ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ) ಪೊಟ್ಟಣ, 14 ಜಿಂಕ್ ಮಾತ್ರೆ ಡಬ್ಬಿಗೆ ಹಾಕಿಡುತ್ತೇನೆ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ದುಡ್ಡಿಲ್ಲದೆ ಸಿಗುತ್ತವೆ.

ಹೆಚ್ಚಿನವರು ಎಡವುವುದು ಕಲಸುವಾಗ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ, ನಾಲ್ಕು ಗ್ರಾಂ ಚಿಲ್ಲರೆಯ ಸಣ್ಣದು 200 ಮಿಲೀ ನೀರಿಗೆ. ‘ಮಗು ಅಷ್ಟೆಲ್ಲ ಎಲ್ಲಿ ಕುಡಿಯುತ್ತೆ’ ಅಂತ ದೊಡ್ಡ ಪೊಟ್ಟಣದಿಂದ ಚೂರು ಪುಡಿ ಲೋಟಕ್ಕೆ ಉದುರಿಸಬಾರದು. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನು ಎಳೆದುಕೊಳ್ಳುತ್ತದೆ, ಉಪ್ಪಿನ ಬೆನ್ನಿಗೆ ನೀರೂ ಒಳಗೆ ಹೋಗುತ್ತದೆ. ಆ ಅಳತೆ ಕೆಡಬಾರದು. ನೀರು ಕಮ್ಮಿಯಾಗಿ ದ್ರಾವಣ ಗಟ್ಟಿಯಾದರೆ ಮಗುವಿನ ಮೈಯಲ್ಲಿ ಉಪ್ಪು ಏರಿ ಅಪಾಯ, ತೀರಾ ತೆಳುವಾದರೆ ಕುಡಿಸಿದ್ದು ನಾಟುವುದಿಲ್ಲ. ಜ್ಯೂಸ್, ಬಣ್ಣದ ಸಿಹಿ ಪಾನೀಯಗಳನ್ನಂತೂ ಕೊಡಲೇಬೇಡಿ. ಅತಿಯಾದ ಸಕ್ಕರೆ ಮೈಯ ನೀರನ್ನೇ ಕರುಳಿಗೆ ಸೆಳೆದು ಭೇದಿ ಹೆಚ್ಚಿಸುತ್ತದೆ.

ನನ್ನ ಅಳತೆ ಒಂದು ಸ್ಟೀಲ್ ಪಾತ್ರೆ. ಲೀಟರ್ ಬಾಟಲಿಯಿಂದ ಒಮ್ಮೆ ನೀರು ಸುರಿದು, ನೀರು ನಿಂತ ಮಟ್ಟಕ್ಕೆ ಒಳಗೋಡೆಯಲ್ಲಿ ಮೊಳೆಯಿಂದ ಗೀರು ಹಾಕಿದ್ದೇನೆ. ಕರೆಂಟ್ ಹೋದ ರಾತ್ರಿಯೂ ಟಾರ್ಚ್ ಬಿಟ್ಟರೆ ಗೀರು ಕಾಣುತ್ತದೆ. ನೀರು ಮೊದಲು ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಪುಡಿ ಹಾಕುವುದು. ಕಲಸಿದ ಮೇಲೆ ಕುದಿಸುವಂತಿಲ್ಲ. ಮುಚ್ಚಿಟ್ಟು, 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಬೇಕು. ಪೊಟ್ಟಣ ಕೈಗೆ ಸಿಗದಿದ್ದರೆ ಅದೇ ಒಂದು ಲೀಟರಿಗೆ ತಲೆತಟ್ಟಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಾಯಿಗೆ ಹಾಕಿ ನೋಡಿ, ಕಣ್ಣೀರಿಗಿಂತ ಉಪ್ಪೆನಿಸಿದರೆ ಚೆಲ್ಲಿ ಬೇರೆ ಮಾಡಿ.

ಇನ್ನು ಕುಡಿಸುವುದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲೀ, ಅದಕ್ಕಿಂತ ದೊಡ್ಡವರಿಗೆ 100ರಿಂದ 200. ಬಾಯಾರಿದ ಮಗು ಲೋಟ ಕಂಡರೆ ಗಟಗಟ ಕುಡಿದು ಅಷ್ಟನ್ನೂ ಕಕ್ಕುತ್ತದೆ. ಆಗ ಮನೆಯವರು ‘ನಿಲ್ತಾ ಇಲ್ಲ, ಬಿಟ್ಟುಬಿಡಿ’ ಅನ್ನುತ್ತಾರೆ. ಬಿಡಬೇಡಿ! ಹತ್ತು ನಿಮಿಷ ಸುಮ್ಮನಿದ್ದು, ಮಗುವನ್ನು ತೊಡೆಯ ಮೇಲೆ ತಲೆ ಎತ್ತರಕ್ಕಿಟ್ಟು ಕೂರಿಸಿ, ಎರಡು-ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರುಮಾಡಿ. ಕೂಸಾದರೆ ಒಳಲೆಯ (ಹಾಲು ಕುಡಿಸುವ ಪುಟ್ಟ ಬಟ್ಟಲು) ಮೂತಿಯನ್ನು ತುಟಿಯ ಮೂಲೆಗೆ ಆನಿಸಿ, ನುಂಗಿದ ಮೇಲಷ್ಟೇ ಮುಂದಿನ ತೊಟ್ಟು. ಎರಡು ನಿಮಿಷಕ್ಕೆ 5 ಮಿಲೀ ಅಂದರೂ ಗಂಟೆಗೆ 150 ಮಿಲೀ ಒಳಗೆ ಹೋಗುತ್ತದೆ. ಕೈ ಸೋಲುತ್ತದೆ, ಅಜ್ಜಿಯೋ ಅಪ್ಪನೋ ಪಾಳಿ ಹಿಡಿಯಲಿ.

ಎದೆಹಾಲು ನಿಲ್ಲಿಸುವಂತಿಲ್ಲ. ಊಟ ಶುರುವಾದ ಮಗುವಿಗೆ ಮೆದುವಾದ ಮೊಸರನ್ನ, ಬಾಳೆಹಣ್ಣು, ಬೇಳೆ ಹಾಕಿದ ಗಂಜಿ ತುಸುತುಸುವೇ ಕೊಡುತ್ತೇನೆ. ಹೊಟ್ಟೆ ಖಾಲಿ ಬಿಟ್ಟರೆ ಕರುಳು ಸುಧಾರಿಸುವುದು ತಡ. ಭೇದಿ ಕಟ್ಟುವ ಮಾತ್ರೆ ಮಕ್ಕಳಿಗೆ ಬೇಡ.

ಜಿಂಕ್ 20 ಮಿಗ್ರಾಂ ಮಾತ್ರೆ, ಆರು ತಿಂಗಳು ದಾಟಿದವರಿಗೆ ದಿನಕ್ಕೊಂದು, ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ. ಚಮಚದಲ್ಲಿ ಎದೆಹಾಲು ಅಥವಾ ಆರಿದ ನೀರು ಹಾಕಿದರೆ ತಾನೇ ಕರಗುತ್ತದೆ. ಮೂರನೇ ದಿನ ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಮುಂದಿನ ಎರಡು-ಮೂರು ತಿಂಗಳು ಭೇದಿ ಮರುಕಳಿಸುವುದು ಅದರಿಂದಲೇ ಕಮ್ಮಿಯಾಗುತ್ತದೆ.

ರಾತ್ರಿಯಿಡೀ ನಾನು ನೋಡುವುದು ಮೂತ್ರ. ಆರು ಗಂಟೆ ಬಟ್ಟೆ ಒದ್ದೆಯಾಗದಿದ್ದರೆ, ಕೂಸಿನ ನೆತ್ತಿ ಅಥವಾ ಕಣ್ಣು ಒಳಗಿಳಿದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ನಿಧಾನ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿ ಹಸಿರಾದರೆ, ಮಗು ಕುಡಿಯದೆ ಮಂಪರಾದರೆ ಬೆಳಗಾಗಲಿ ಅಂತ ಕಾಯಬಾರದು. 108ಕ್ಕೆ ಫೋನ್ ಮಾಡಿ. ಎರಡು ತಿಂಗಳೊಳಗಿನ ಕೂಸಾದರೆ ಇದ್ಯಾವುದನ್ನೂ ಕಾಯದೆ ಮೊದಲೇ ಆಸ್ಪತ್ರೆಗೆ. ಮಗು ಎಚ್ಚರವಾಗಿದ್ದು ನುಂಗುತ್ತಿದ್ದರೆ ಗಾಡಿಯಲ್ಲೂ ಚಮಚ ನಿಲ್ಲಿಸಬೇಡಿ, ಘಾಟಿ ದಾರಿಯಲ್ಲಿ ಆಸ್ಪತ್ರೆ ಮುಟ್ಟುವುದಕ್ಕೆ ಹೊತ್ತು ಹಿಡಿಯುತ್ತದೆ.